ಮೊಲ ನಾಯಕಿಯ ಜಿಗಿದಾಟಕ್ಕೆ ವಿಮರ್ಶೆ: "ಕಂಟ್ರೋಲ್ ಚೆನ್ನಾಗಿದೆ" ಅಂದ್ರೆ ಸಾಕಾ?

ತುಂಗಾತೀರ:
ಕನ್ನಡದಲ್ಲಿ ಗೇಮ್ ವಿಮರ್ಶೆ ಹುಡುಕಿದ್ರೆ ಬಂದೂಕಿನ ಆಟಗಳದ್ದೇ ಸಿಗೋದು. ಅದಕ್ಕೆ ಹಳೇ ಧಾಟಿಯ ಜಿಗಿದಾಟ (ಪ್ಲಾಟ್‌ಫಾರ್ಮರ್) ಒಂದನ್ನ ಎತ್ಕೊಂಡಿದ್ದೀನಿ: ಕಾಜೆ ಆಂಡ್ ದ ವೈಲ್ಡ್ ಮಾಸ್ಕ್ಸ್. ಬ್ರೆಜಿಲ್‌ನ ಪಿಕ್ಸೆಲ್‌ಹೈವ್ ತಂಡದ್ದು, 2021ರ ಮಾರ್ಚ್‌ನಲ್ಲಿ ಬಂದಿದ್ದು. ಪಿಸಿ, ಪಿಎಸ್4, ಎಕ್ಸ್‌ಬಾಕ್ಸ್ ಒನ್, ಸ್ವಿಚ್ ಎಲ್ಲದರಲ್ಲೂ ಇದೆ. ನಾಯಕಿ ಕಾಜೆ ಒಂದು ಮೊಲ. ಶಾಪಕ್ಕೆ ಸಿಕ್ಕಿದ ಗೆಳೆಯ ಹೋಗೊನನ್ನ ಬಿಡಿಸೋಕೆ ದ್ವೀಪದಿಂದ ದ್ವೀಪಕ್ಕೆ ಹೋಗ್ತಾಳೆ. ಶತ್ರುಗಳೆಲ್ಲ ಶಾಪ ತಗುಲಿದ ತರಕಾರಿಗಳು. ದಾರೀಲಿ ಹುಲಿ, ಹದ್ದು, ಶಾರ್ಕ್, ಹಲ್ಲಿ ಅಂತ ನಾಲ್ಕು ಮುಖವಾಡ ಸಿಗ್ತವೆ.

ಬರೆದಿಟ್ಟಿರೋದು ಇಷ್ಟು: "ಗ್ರಾಫಿಕ್ಸ್ ಸೂಪರ್, ಕಂಟ್ರೋಲ್ ಚೆನ್ನಾಗಿದೆ, ಸ್ವಲ್ಪ ಕಷ್ಟ, ಪಿಕ್ಸೆಲ್ ಇರೋದ್ರಿಂದ ಪಕ್ಕಾ ರೆಟ್ರೋ. 10ಕ್ಕೆ 8." ಓದಿದ್ರೆ ಸಪ್ಪೆ ಅನ್ಸುತ್ತೆ. ಏನು ಸೇರಿಸ್ಬೇಕು?

ಅಡಿಕೆಚೊಗರು:
"ಕಂಟ್ರೋಲ್ ಚೆನ್ನಾಗಿದೆ" ಅನ್ನೋದು "ಊಟ ಚೆನ್ನಾಗಿತ್ತು" ಅಂದ ಹಾಗಾಯ್ತು ಮಾರಾಯ್ರೇ. ಉಪ್ಪು ಹೆಚ್ಚೋ ಹುಳಿ ಹೆಚ್ಚೋ ಅದನ್ನ ಹೇಳಿ.

ಬೇಲಿಗೂಟ:
ಗೆಳೆಯನ ಹೆಸರು ಹೋಗೊ! ಅವನನ್ನ ಬಿಡಿಸಿದ ಮೇಲೆ ಕಾಜೆ ಏನಂತ ಕರೀತಾಳೆ? "ಬಾರೋ ಹೋಗೊ"?

ಪಿಕ್ಸೆಲ್_ಸಾಗರ:
ಜಿಗಿದಾಟದಲ್ಲಿ ಕಂಟ್ರೋಲ್ ಅನ್ನೋದು ಒಂದೇ ಸಂಗತಿ ಅಲ್ಲ. ಒಂದೊಂದಾಗಿ ಬಿಡಿಸಿ ನೋಡಿ.

ಮೊದಲು ಅಂಚು. ಮೊಲ ಕಟ್ಟೆಯ ತುದಿ ದಾಟಿದ ಮೇಲೂ ಒಂದೆರಡು ಗಳಿಗೆ ಜಿಗಿತದ ಬಟನ್ ಕೆಲಸ ಮಾಡುತ್ತಾ? ಇದಕ್ಕೆ ಕೊಯೋಟೆ ಟೈಮ್ ಅಂತಾರೆ. ಕಾರ್ಟೂನಲ್ಲಿ ಬಂಡೆ ದಾಟಿ ಗಾಳೀಲೇ ಓಡಿ, ಕೆಳಗೆ ನೋಡಿದ ಮೇಲೆ ಬೀಳ್ತದಲ್ಲ ಆ ಕೊಯೋಟೆ, ಅದರಿಂದ ಬಂದ ಹೆಸರು. 2018ರ ಸೆಲೆಸ್ಟ್ ಆಟದಲ್ಲಿ ಈ ರಿಯಾಯಿತಿ 0.1 ಸೆಕೆಂಡು. ಸೆಕೆಂಡಿಗೆ 60 ಫ್ರೇಮ್ (ಪರದೆ ಮೇಲೆ ಬರೋ ಒಂದೊಂದು ಚಿತ್ರ) ಲೆಕ್ಕದಲ್ಲಿ 6 ಫ್ರೇಮ್. ಕಣ್ಣಿಗೆ ಕಾಣಲ್ಲ, ಆದ್ರೆ ತೆಗೆದುಬಿಟ್ರೆ "ಬಟನ್ ಒತ್ತಿದ್ರೂ ಹಾರಲಿಲ್ಲ" ಅಂತ ಎಲ್ಲರೂ ಬೈತಾರೆ.

ಎರಡನೇದು ಬಫರ್. ನೆಲ ಮುಟ್ಟೋಕೆ ಸ್ವಲ್ಪ ಮುಂಚೆ ಒತ್ತಿದ ಬಟನ್ನನ್ನ ಆಟ ನೆನಪಿಟ್ಕೊಂಡು, ಕಾಲು ತಾಗಿದ ತಕ್ಷಣ ಹಾರಿಸ್ಬೇಕು. ಶತ್ರುಗಳ ತಲೆ ಮೇಲೆ ಸಾಲಾಗಿ ಕುಪ್ಪಳಿಸೋ ಜಾಗದಲ್ಲಿ ಇದು ಇದೆಯೋ ಇಲ್ಲವೋ ಗೊತ್ತಾಗೋದು.

ಮೂರನೇದು ಬಟನ್ ಬೇಗ ಬಿಟ್ಟರೆ ಗಿಡ್ಡ ಜಿಗಿತ, ಹಿಡಿದ್ರೆ ಎತ್ತರದ್ದು. ನಾಲ್ಕನೇದು ಗಾಳಿಯಲ್ಲಿ ದಿಕ್ಕು ಬದಲಿಸೋದು. ಕಾಜೆ ವಿಷಯದಲ್ಲಿ ಐದನೇದೂ ಇದೆ, ಅದೇ ಮುಖ್ಯ: ಕಿವಿ. ಕಿವಿ ಗಿರಗಿರ ತಿರುಗಿಸಿ ನಿಧಾನಕ್ಕೆ ತೇಲಿ ಇಳೀತಾಳೆ. ಇಡೀ ಆಟ ನಿಂತಿರೋದು ಅದರ ಮೇಲೆ. ಕಿವಿ ಬಗ್ಗೆ ಒಂದು ಸಾಲೂ ಇಲ್ಲದ ಕಾಜೆ ವಿಮರ್ಶೆ ಎಂತಕ್ಕೆ?

ಮಂಡಗದ್ದೆಕೊಕ್ಕರೆ:
ಕಿವಿ ಹೊಸದೇನಲ್ಲ. 1994ರ ಡಾಂಕಿ ಕಾಂಗ್ ಕಂಟ್ರಿ 2ರಲ್ಲಿ ಡಿಕ್ಸಿ ಕಾಂಗ್ ಅನ್ನೋ ಕೋತಿ ಜುಟ್ಟು ತಿರುಗಿಸಿ ಇದನ್ನೇ ಮಾಡ್ತಿದ್ಲು. ಗ್ರಾಫಿಕ್ಸೂ ಅದೇ ಥರ.

ಪಿಕ್ಸೆಲ್_ಸಾಗರ:
ಎರಡು ತಿದ್ದುಪಡಿ. 1994ರದ್ದು ಮೊದಲನೇ ಭಾಗ, ಅದರಲ್ಲಿ ಡಿಕ್ಸಿ ಇಲ್ಲ. ಎರಡನೇದು 1995, ಮೂರನೇದು 1996. ಆಮೇಲೆ ಗ್ರಾಫಿಕ್ಸ್. ರೇರ್ ಕಂಪನಿಯೋರು ಸಿಲಿಕಾನ್ ಗ್ರಾಫಿಕ್ಸ್ ವರ್ಕ್‌ಸ್ಟೇಷನ್‌ಗಳಲ್ಲಿ ಮೂರು ಆಯಾಮದ ಮಾದರಿ ಮಾಡಿ, ಅದರ ಚಿತ್ರಗಳನ್ನ ಇಳಿಸಿ ಆಗಿನ ಗೇಮ್ ಯಂತ್ರ ಸೂಪರ್ ನಿಂಟೆಂಡೊಗೆ ಹಾಕಿದ್ರು. ಅದಕ್ಕೇ ಆ ಕೋತಿಗಳಿಗೆ ಪ್ಲಾಸ್ಟಿಕ್ ಹೊಳಪು. ಕಾಜೆಯದ್ದು ಚುಕ್ಕಿ ಚುಕ್ಕಿ (ಅದೇ ಪಿಕ್ಸೆಲ್) ಇಟ್ಟು ಬಿಡಿಸಿದ ಎರಡು ಆಯಾಮದ ಚಿತ್ರ. ಆಟದ ನಡೆ ಡಾಂಕಿ ಕಾಂಗ್‌ನದ್ದು, ಮೈಬಣ್ಣ ಅಲ್ಲ.

ಮಂಡಗದ್ದೆಕೊಕ್ಕರೆ:
ಇಸವಿ ಒಪ್ಪಿದೆ. ಜುಟ್ಟಿನ ಮಾತು ಹಾಗೇ ಇರಲಿ.

ತುಂಗಾತೀರ:
ಪಿಕ್ಸೆಲ್ ಇದ್ಮೇಲೆ ರೆಟ್ರೋ, ಅಂದ್ರೆ ಹಳೇ ಕಾಲದ್ದು, ತಾನೇ? ಅದರಲ್ಲಿ ಚರ್ಚೆ ಎಂತದು?

ಅಡಿಕೆಚೊಗರು:
ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಇದು ಅದೇ. ಸೂಪರ್ ನಿಂಟೆಂಡೊ ಸಾಮಾನ್ಯವಾಗಿ ತೋರಿಸ್ತಿದ್ದಿದ್ದು 256×224 ಚುಕ್ಕಿ, ಒಂದು ಪರದೇಲಿ 256 ಬಣ್ಣ. ಅಗಲ ಪರದೆ ಇರಲಿಲ್ಲ. ಹಳೇ ನಿಂಟೆಂಡೊದಲ್ಲಿ ಒಂದೇ ಅಡ್ಡಸಾಲಲ್ಲಿ 8ಕ್ಕಿಂತ ಹೆಚ್ಚು ಸ್ಪ್ರೈಟ್ (ಓಡಾಡೋ ಸಣ್ಣ ಚಿತ್ರ) ಬಂದ್ರೆ ಉಳಿದವು ಮಾಯ, ಅದಕ್ಕೇ ಚಿತ್ರ ಮಿಣಮಿಣ ಅಂತಿತ್ತು. ಇವತ್ತಿನ ರೆಟ್ರೋ ಆಟ ಹೆಚ್ಚಿನವು ಇದನ್ನ ಪಾಲಿಸಲ್ಲ, ಪಾಲಿಸಬೇಕಂತಲೂ ಇಲ್ಲ. ಹಾಗಾಗಿ ಪಿಕ್ಸೆಲ್ ಅಳತೆಗೋಲು ಆಗಲ್ಲ. ನಿಯಮ ನೋಡಿ. ಹಂತಕ್ಕೊಂದು ಹೊಸ ತಂತ್ರ, ಅದನ್ನ ಅಲ್ಲೇ ಕಲಿಸಿ ಅಲ್ಲೇ ತಿರುವಿ ಮುಗಿಸೋದು, ಮೂಲೇಲಿ ಬಚ್ಚಿಟ್ಟ ಬೋನಸ್ಸು. ಆ ಕಾಲದ್ದು ಅದು.

ಹುಲಿವೇಷ:
ಕಾಜೆಯಲ್ಲಿ ಆ ಕಾಲದ್ದು ಸರಿಯಾಗೇ ಇದೆ. ಹಂತಕ್ಕೆ ಕೆ, ಎ, ಜ಼ೆಡ್, ಇ ಅಂತ ನಾಲ್ಕು ಅಕ್ಷರ, ಎರಡು ಬೋನಸ್ ಕೋಣೆ. ಒಂದೊಂದು ಕೋಣೆ ಗೆದ್ರೆ ಹಸಿರು ಹರಳಿನ ಒಂದೊಂದು ಹೋಳು. ಇದರ ಜೊತೆ ನೇರಳೆ ಹರಳು ಕೂಡಿಸೋದು. ಬರೀ ಕೊನೆ ಮುಟ್ಟೋನಿಗೂ ಎಲ್ಲ ಬಳಿದುಕೊಂಡು ಹೋಗೋನಿಗೂ ಆಟದ ಉದ್ದ, ಕಷ್ಟ ಎರಡೂ ಬೇರೆ. ನೀವು ಯಾವ ರೀತಿ ಆಡಿದ್ರಿ ಅಂತ ವಿಮರ್ಶೇಲಿ ಹೇಳ್ಲೇಬೇಕು.

ಕಷ್ಟದ ಮಟ್ಟ ಯಾವುದು ಅನ್ನೋದನ್ನೂ ಹೇಳಿ. ಕ್ಯಾಶುವಲ್ ಅಂತೊಂದು, ಒರಿಜಿನಲ್ ಅಂತೊಂದು. ಕ್ಯಾಶುವಲ್‌ನಲ್ಲಿ ಚೆಕ್‌ಪಾಯಿಂಟ್ (ಸತ್ರೆ ಮತ್ತೆ ಶುರುವಾಗೋ ಜಾಗ) ಜಾಸ್ತಿ. ಒಬ್ಬ "ಸುಲಭ" ಅಂತಾನೆ, ಇನ್ನೊಬ್ಬ "ಪ್ರಾಣ ತಿಂತು" ಅಂತಾನೆ. ಇಬ್ಬರೂ ನಿಜಾನೇ ಹೇಳಿರ್ತಾರೆ, ಆಡಿದ್ದು ಬೇರೆ ಬೇರೆ ಮಟ್ಟ ಅಷ್ಟೇ.

ಕವಲೇದುರ್ಗ_ಕೋಡ್:
ಕಿವಿ ವಿಷಯಕ್ಕೆ ಬರ್ತೀನಿ. ತೇಲೋ ಶಕ್ತಿ ಹಂತದ ವಿನ್ಯಾಸವನ್ನೇ ಬದಲಾಯಿಸುತ್ತೆ. ಲೆಕ್ಕ ಹಾಕಿ ತೋರಿಸ್ತೀನಿ. ಇವು ಕಾಜೆಯ ಒಳಗಿನ ಅಂಕಿ ಅಲ್ಲ, ಸುಮ್ಮನೆ ಮಾದರಿ.

16 ಚುಕ್ಕಿಯ ಚೌಕಗಳು ಅಂದ್ಕೊಳ್ಳಿ. ಜಿಗಿತದ ಎತ್ತರ 4 ಚೌಕ, ಅಂದ್ರೆ 64 ಚುಕ್ಕಿ. ತುದಿ ಮುಟ್ಟೋಕೆ 0.4 ಸೆಕೆಂಡು. ಎತ್ತರದ ಎರಡರಷ್ಟನ್ನ ಕಾಲದ ವರ್ಗದಿಂದ ಭಾಗಿಸಿದ್ರೆ ಗುರುತ್ವ: 128 ಭಾಗಿಸು 0.16, ಅಂದ್ರೆ 800. ಅದೇ ಎರಡರಷ್ಟನ್ನ ಬರೀ ಕಾಲದಿಂದ ಭಾಗಿಸಿದ್ರೆ ನೆಗೆಯೋ ವೇಗ: ಸೆಕೆಂಡಿಗೆ 320 ಚುಕ್ಕಿ. ಓಟದ ವೇಗ 150 ಇಟ್ಕೊಳ್ಳಿ. ಏರೋಕೆ 0.4, ಇಳಿಯೋಕೆ 0.4, ಒಟ್ಟು 0.8 ಸೆಕೆಂಡಲ್ಲಿ 120 ಚುಕ್ಕಿ ದಾಟ್ತದೆ. ಏಳೂವರೆ ಚೌಕ.

ಈಗ ಇಳಿಯೋವಾಗ ಗುರುತ್ವ ದುಪ್ಪಟ್ಟು ಮಾಡಿ. ಹೆಚ್ಚಿನವರು ಮಾಡ್ತಾರೆ, ಇಲ್ಲಾಂದ್ರೆ ಜಿಗಿತ ಬಲೂನಿನ ಹಾಗೆ ಕಾಣ್ತದೆ. ಇಳಿಯೋಕೆ 0.28 ಸೆಕೆಂಡಷ್ಟೇ ಹಿಡೀತದೆ, ದಾಟೋದು 102 ಚುಕ್ಕಿ, ಆರು ಚೌಕ ಚಿಲ್ಲರೆ. ಮುಂಚೆ ಇಟ್ಟಿದ್ದ 7 ಚೌಕದ ಹೊಂಡ ಈಗ ದಾಟೋಕೇ ಆಗಲ್ಲ! ಗುರುತ್ವ ತಿದ್ದಿ ಹಂತಗಳನ್ನ ತಿದ್ದದೆ ಬಿಟ್ರೆ ಆಗೋ ಎಡವಟ್ಟು ಇದು.

ಕಿವಿ ಸೇರಿಸಿ. ತೇಲೋವಾಗ ಇಳಿಯೋ ವೇಗ 60 ದಾಟದ ಹಾಗೆ ಕಟ್ಟಿಹಾಕಿದ್ರೆ, ತುದಿಯಿಂದ 64 ಚುಕ್ಕಿ ಇಳಿಯೋಕೆ ಒಂದು ಸೆಕೆಂಡಿಗೂ ಮೇಲೆ. ಅಷ್ಟರಲ್ಲಿ 160 ಚುಕ್ಕಿ ಮುಂದೆ ಹೋಗಿರ್ತಾಳೆ, ಏರೋವಾಗಿನ 60 ಸೇರಿಸಿದ್ರೆ 220. ಹದಿಮೂರು ಚೌಕದ ಮೇಲೆ! ಆರು ಚೌಕದ ಹೊಂಡ ಅವಳಿಗೆ ಚರಂಡಿ ದಾಟಿದ ಹಾಗೆ. ಹಾಗಾಗಿ ವಿನ್ಯಾಸ ಮಾಡೋರು ಹೊಂಡ ಅಗಲ ಮಾಡ್ಬೇಕು, ಇಲ್ಲಾ ತೇಲೋ ದಾರೀಲೇ ಶತ್ರು ನಿಲ್ಲಿಸ್ಬೇಕು. ತೇಲೋವಾಗ ನಿಧಾನ ಆಗ್ತಾಳಲ್ಲ, ಅದೇ ಅವಳ ದೌರ್ಬಲ್ಯ. ವಿಮರ್ಶಕ ನೋಡಬೇಕಾದ್ದು ಇಲ್ಲಿ: ತೇಲಿದ್ರೆ ಸಾಯೋ ಜಾಗ, ತೇಲದಿದ್ರೆ ಸಾಯೋ ಜಾಗ, ಎರಡೂ ಹದವಾಗಿ ಇದೆಯಾ?

ಬೇಲಿಗೂಟ:
ಪಿಯುಸಿ ಫಿಸಿಕ್ಸ್ ಮೇಷ್ಟ್ರು ಇದನ್ನ ಮೊಲ ಇಟ್ಕೊಂಡು ಹೇಳಿದ್ರೆ ಪಾಸಾಗೋರು ಹೆಚ್ಚಾಗ್ತಿದ್ರು.

ಹುಲಿವೇಷ:
@ಕವಲೇದುರ್ಗ_ಕೋಡ್ ಲೆಕ್ಕ ಸರಿ, ಒಂದು ಬಿಟ್ರಿ. ತುದಿಯಲ್ಲೇ ಕಿವಿ ಬಿಚ್ಚಿದ್ರೆ ಮಾತ್ರ 220. ಅರ್ಧ ಬಿದ್ದ ಮೇಲೆ ಬಿಚ್ಚಿದ್ರೆ ಕಮ್ಮಿ. ಹೊಸಬರು ಗಾಬರೀಲಿ ತಡವಾಗಿ ಒತ್ತಿ, ಎದುರಿನ ಕಟ್ಟೆಯ ತುದಿಗೆ ಮೂಗು ಉಜ್ಜಿಕೊಂಡು ಬೀಳೋದು ಅದಕ್ಕೇ.

ಕವಲೇದುರ್ಗ_ಕೋಡ್:
ಹೌದು, ಒಪ್ಪಿದೆ.

ಹೊಳೆದಂಡೆ:
ಆ ನಾಲ್ಕನೇ ಮುಖವಾಡಕ್ಕೆ ಹಲ್ಲಿ ಅಂದಿದ್ದೀರಿ. ಹಲ್ಲಿ ಗೋಡೆ ಮೇಲೆ ಲೊಚಗುಡ್ತಾ ಕೂರೋದು. ಬಿಟ್ಟೂಬಿಡದೆ ಓಡೋದು ಓತಿಕ್ಯಾತ. ಓತಿ ಅಂತ ಬರೀರಿ.

ತುಂಗಾತೀರ:
ಓತಿ, ಆಯ್ತು. ಅಕ್ಕ, ಮುಖವಾಡಕ್ಕೆ ಯಕ್ಷಗಾನದವರ ಹಾಗೆ "ವೇಷ" ಅಂದ್ರೆ ಹೇಗೆ? ಹುಲಿ ವೇಷ, ಹದ್ದಿನ ವೇಷ.

ಹೊಳೆದಂಡೆ:
ಬೇಡ. ವೇಷ ಅಂದ್ರೆ ಚೌಕಿಯಲ್ಲಿ ಕೂತು ಬಣ್ಣ ಬಳಿದು, ಕಿರೀಟ ಕಟ್ಟಿ ಗಂಟೆಗಟ್ಟಲೆ ಸಿದ್ಧವಾಗೋದು. ಇಲ್ಲಿ ಮುಟ್ಟಿದ ಕ್ಷಣಕ್ಕೆ ಬದಲಾಗೋದು. ಮುಖವಾಡವೇ ಸರಿ.

ಹುಲಿವೇಷ:
ನನ್ನ ಹೆಸರಿಗೇ ಬಂತಲ್ಲ ಕುತ್ತು.

ನಾಲ್ಕರ ಲೆಕ್ಕ ಹೇಳಿಬಿಡ್ತೀನಿ. ಹುಲಿ ಗೋಡೆ ಹಿಡಿದು ಹತ್ತುತ್ತೆ, ಗಾಳೀಲಿ ಮುನ್ನುಗ್ಗುತ್ತೆ. ನಾಲ್ಕರಲ್ಲಿ ಜೀವ ಇರೋದು ಇದಕ್ಕೇ, ಯಾಕಂದ್ರೆ ಇದು ಜಿಗಿತಕ್ಕೆ ಸೇರ್ಪಡೆ, ಜಿಗಿತಕ್ಕೆ ಬದಲಿ ಅಲ್ಲ. ಶಾರ್ಕ್ ನೀರಲ್ಲಿ ನುಗ್ಗೋದು, ಅಡ್ಡಿಲ್ಲ. ಹದ್ದು ಬಂದ ಕೂಡ್ಲೆ ಆಟ ಗುಂಡು ಹೊಡೆಯೋ ಆಟ ಆಗುತ್ತೆ. ಕಿವಿ, ಜಿಗಿತ ಕಲಿತಿದ್ದೆಲ್ಲ ಅಟ್ಟಕ್ಕೆ. ಓತಿ ಬಂದ್ರೆ ಮೊಲ ತಾನೇ ಓಡ್ತಾಳೆ, ನೀವು ಹಾರಿಸೋದು ಇಳಿಸೋದು ಅಷ್ಟೇ. ಮುಂದೇನು ಬರುತ್ತೆ ಕಾಣೋ ಮೊದಲೇ ಒತ್ತಬೇಕು. ಅಂದ್ರೆ ಬಾಯಿಪಾಠ.

ಅಡಿಕೆಚೊಗರು:
ಓತಿ ಹಂತ ಬಾಯಿಪಾಠ ಅನ್ನೋದು ಅನ್ಯಾಯ. ಡಾಂಕಿ ಕಾಂಗ್‌ನ ಗಣಿ ಗಾಡಿ ಹಂತಗಳೂ ಹಾಗೇ ಇದ್ವು, ಜನ ಇವತ್ತಿಗೂ ನೆನೆಸ್ಕೊಳ್ಳೋದು ಅವನ್ನೇ.

ಹುಲಿವೇಷ:
ನೆನೆಸ್ಕೊಳ್ಳೋದು ಬೈಕೊಂಡು.

ಪಿಕ್ಸೆಲ್_ಸಾಗರ:
ಜಗಳ ತೀರಿಸೋಕೆ ಒಂದು ಅಳತೆ ಇದೆ. ಅಡ್ಡಿ ಪರದೆಯ ಬಲತುದೀಲಿ ಕಾಣಿಸಿದ ಫ್ರೇಮಿನಿಂದ ಮೊಲಕ್ಕೆ ಬಡಿಯೋ ಫ್ರೇಮಿನವರೆಗೆ ಎಣಿಸಿ. ನೋಡಿ, ಅರ್ಥ ಮಾಡ್ಕೊಂಡು, ಬೆರಳು ಒತ್ತೋಕೆ ಮನುಷ್ಯನಿಗೆ ಕಾಲು ಸೆಕೆಂಡಾದ್ರೂ ಬೇಕು, ಅದೇ 15 ಫ್ರೇಮ್. ಅದಕ್ಕಿಂತ ಕಮ್ಮಿ ಇದ್ರೆ ಬಾಯಿಪಾಠ, 40-50 ಇದ್ರೆ ನ್ಯಾಯ. ರೆಕಾರ್ಡ್ ಮಾಡೋಕೆ ಒಬಿಎಸ್ ಅನ್ನೋ ಸಾಫ್ಟ್‌ವೇರ್ ಸಾಕು, ಅದರಲ್ಲಿ 60 ಎಫ್‌ಪಿಎಸ್ (ಸೆಕೆಂಡಿಗೆ 60 ಫ್ರೇಮ್) ಇಡೋದು ಮರೀಬೇಡಿ, ಸುಮ್ಮನೆ ಬಿಟ್ರೆ 30 ಇದ್ದೀತು. ವಿಎಲ್‌ಸಿ ಪ್ಲೇಯರಲ್ಲಿ ತೆರೆದು ನಿಲ್ಲಿಸಿ, ಕೀಬೋರ್ಡಲ್ಲಿ ಇ ಒತ್ತಿದ್ರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತೆ.

ತುಂಗಾತೀರ:
ಇದನ್ನ ಖಂಡಿತ ಮಾಡ್ತೀನಿ. ಇನ್ನೊಂದು ಸಂಶಯ. ಟಿವಿಯಲ್ಲಿ ಆಡಿದ್ರೆ ಜಿಗಿತ ತಡ ಅನ್ಸುತ್ತೆ, ಲ್ಯಾಪ್‌ಟಾಪಲ್ಲಿ ಇಲ್ಲ. ತಪ್ಪು ಆಟದ್ದಾ ಟಿವಿಯದ್ದಾ?

ಕವಲೇದುರ್ಗ_ಕೋಡ್:
ಮುಕ್ಕಾಲುಪಾಲು ಟಿವಿ. ಟಿವಿ ಚಿತ್ರವನ್ನ ನಯ ಮಾಡೋಕೆ ಒಂದಷ್ಟು ಫ್ರೇಮ್ ಹಿಡಿದಿಟ್ಕೊಳ್ಳುತ್ತೆ. ಸೆಟ್ಟಿಂಗ್ಸಲ್ಲಿ ಗೇಮ್ ಮೋಡ್ ಹಾಕಿ, ಮೋಷನ್ ಸ್ಮೂತ್ ಮಾಡೋದನ್ನೆಲ್ಲ ಆರಿಸಿ. ಗೇಮ್‌ಪ್ಯಾಡಿಗೆ ಬ್ಲೂಟೂತ್ ಬಿಟ್ಟು ವೈರ್ ಹಾಕಿ ನೋಡಿ.

ಅಳೆಯೋಕೆ ಫೋನಿನ ಸ್ಲೋ ಮೋಷನ್ ಸಾಕು. 240 ಎಫ್‌ಪಿಎಸ್ ಇಟ್ಟು, ಬೆರಳೂ ಪರದೇನೂ ಒಟ್ಟಿಗೆ ಕಾಣೋ ಹಾಗೆ ಹಿಡಿಯಿರಿ. ಬಟನ್ ತಳ ಮುಟ್ಟಿದ ಫ್ರೇಮಿನಿಂದ ಮೊಲದ ಕಾಲು ನೆಲ ಬಿಟ್ಟ ಫ್ರೇಮಿನವರೆಗೆ ಎಣಿಸಿ. ಒಂದು ಫ್ರೇಮಿಗೆ 4.17 ಮಿಲಿಸೆಕೆಂಡು. 28 ಬಂದ್ರೆ ಸುಮಾರು 117 ಮಿಲಿಸೆಕೆಂಡು, ಆಟದ ಲೆಕ್ಕದಲ್ಲಿ 7 ಫ್ರೇಮ್. ಒಂದು ಸಲ ಸಾಲದು, ಹತ್ತು ಸಲ ಮಾಡಿ ಸರಾಸರಿ ತೆಗೀರಿ. ಟಿವಿ, ಲ್ಯಾಪ್‌ಟಾಪ್ ಎರಡರಲ್ಲೂ ಇದನ್ನೇ ಮಾಡಿದ್ರೆ ಕಳ್ಳ ಯಾರು ಗೊತ್ತಾಗ್ತದೆ. ಇದನ್ನ ನೋಡದೆ "ಕಂಟ್ರೋಲ್ ಮಂದ" ಅಂತ ಬರೆದು ಆಟದ ತಲೆಗೆ ಕಟ್ಟೋ ವಿಮರ್ಶಕರು ಬಹಳ.

ಆಗುಂಬೆಮಳೆ:
ಇಲ್ಲಿ ಟಿವಿಗಿಂತ ಮುಂಚೆ ಕರೆಂಟ್ ಇರ್ಬೇಕಲ್ಲ ಸಾರ್. ಸೇವ್ ಗುರುತು ತಿರುಗ್ತಿರೋವಾಗ ಕರೆಂಟ್ ಹೋದ್ರೆ ಸೇವ್ ಹಾಳಾಗುತ್ತಾ?

ಕವಲೇದುರ್ಗ_ಕೋಡ್:
ಆಗಬಹುದು. ಫೈಲ್ ಅರ್ಧ ಬರೆದಾಗ ಯಂತ್ರ ಸತ್ರೆ ಫೈಲ್ ಅರ್ಧವೇ. ಜಾಣ ಆಟಗಳು ಹೊಸ ಫೈಲ್ ಪೂರ್ತಿ ಬರೆದು ಆಮೇಲೆ ಹಳೇದರ ಹೆಸರು ಇಡ್ತವೆ, ಎಲ್ಲವೂ ಜಾಣ ಅಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಸೇವ್ ಫೋಲ್ಡರನ್ನ ಪೆನ್‌ಡ್ರೈವಿಗೆ ಹಾಕ್ಕೊಳ್ಳಿ.

ಮನೆ ಇನ್ವರ್ಟರ್ ಹಿಂದೆ ಒಂದು ಸ್ವಿಚ್ ಇರ್ತದೆ, ಯುಪಿಎಸ್ ಮೋಡ್, ಇಕೋ ಮೋಡ್ ಅಂತ. ಇಕೋದಲ್ಲಿ ಬ್ಯಾಟರಿಗೆ ಬದಲಾಗೋದು ನಿಧಾನ, ಫ್ಯಾನಿಗೆ ಗೊತ್ತಾಗಲ್ಲ, ಕಂಪ್ಯೂಟರ್ ಆರಿಹೋಗುತ್ತೆ. ಯುಪಿಎಸ್ ಮೋಡ್ ಹಾಕಿ. ಅದರದ್ದೊಂದು ಕಿರಿಕಿರಿ: ಆ ಮೋಡಲ್ಲಿ ಸುಮಾರು 180ರಿಂದ 260 ವೋಲ್ಟ್ ಒಳಗಿದ್ರೆ ಮಾತ್ರ ಲೈನ್ ಕರೆಂಟ್ ತಗೊಳ್ಳೋದು. ಸಂಜೆ ಪಂಪ್‌ಸೆಟ್ಟುಗಳೆಲ್ಲ ಓಡಿ ವೋಲ್ಟೇಜ್ 160ಕ್ಕೆ ಇಳಿದ್ರೆ, ಕರೆಂಟ್ ಇದ್ರೂ ಬ್ಯಾಟರಿ ಖಾಲಿ ಆಗ್ತಾ ಕೂರುತ್ತೆ.

ಬೇಲಿಗೂಟ:
ಮೊಲದಿಂದ ಪಂಪ್‌ಸೆಟ್ಟಿಗೆ ಬಂದ್ವಿ. ಚರ್ಚೆ ಚೆನ್ನಾಗಿ ನಡೀತಿದೆ ಅಂತಾಯ್ತು.

ಮಂಡಗದ್ದೆಕೊಕ್ಕರೆ:
ಪ್ರಾಣಿ ನಾಯಕಿಯರಲ್ಲಿ ಕಾಜೆ ಒಬ್ಬಳೇ ಅಲ್ಲ, ಹೋಲಿಕೆಗೆ ಇನ್ನೆರಡು ಇಟ್ಕೊಳ್ಳಿ. 2014ರ ಫ್ರೀಡಂ ಪ್ಲಾನೆಟ್: ಡ್ರ್ಯಾಗನ್ ಹುಡುಗಿ ಲಿಲ್ಯಾಕ್, ಕಾಡುಬೆಕ್ಕು ಕ್ಯಾರಲ್, ನಾಯಿ ಮಿಲ್ಲಾ. ಸೆಗಾ ಕಂಪನಿಯ ಸೋನಿಕ್ ಆಟದ ಅಭಿಮಾನಿಗಳು ಮಾಡೋ ಆಟವಾಗಿ ಶುರುವಾಗಿದ್ದು. ಅದರಲ್ಲಿ ಶತ್ರುವನ್ನ ಸುಮ್ಮನೆ ಮುಟ್ಟಿದ್ರೆ ಏನೂ ಆಗಲ್ಲ, ಅವನು ಹೊಡೆದ್ರೆ ಮಾತ್ರ ಪೆಟ್ಟು. 2024ರ ಕಿಟ್ಸುನೆ ಟೇಲ್ಸ್: ಯುಜು ಅನ್ನೋ ನರಿ ಹುಡುಗಿ, ಸೂಪರ್ ಮಾರಿಯೊ ಬ್ರೋಸ್ 3ರ ಧಾಟಿ. ಮೂರೂ "ರೆಟ್ರೋ", ಆದ್ರೆ ಒಂದು ಸೆಗಾ ಕಡೆಯದ್ದು, ಒಂದು ಹಳೇ ನಿಂಟೆಂಡೊ, ಒಂದು ಸೂಪರ್ ನಿಂಟೆಂಡೊ. ಕೈಗೆ ಮೂರೂ ಬೇರೆ.

ಹೊಳೆದಂಡೆ:
ನಾಯಕಿ ಅಂದ್ಮೇಲೆ ಇದನ್ನೂ ಬರೀರಿ: ಇಲ್ಲಿ ಬಂಧಿ ಆಗಿರೋನು ಗೆಳೆಯ, ಬಿಡಿಸೋಳು ಅವಳು. ರಾಜಕುಮಾರಿ ಕೋಟೇಲಿ ಅಳ್ತಾ ಕೂರೋ ಹಳೇ ಕಥೆ ತಿರುಗಿಸಿದ್ದಾರೆ, ಅದಕ್ಕೆ ಡಂಗುರ ಹೊಡೆದಿಲ್ಲ. ಕಥೆಯಲ್ಲಿ ಹೇಳಿಕೊಳ್ಳೋಕೆ ಇರೋದು ಅಷ್ಟೇ, ಎರಡು ಸಾಲು ಸಾಕು.

ಆಗುಂಬೆಮಳೆ:
ನಮ್ಮ ಕಡೆ ಇಂಥ ಆಟ ಮಾಡಿದ್ರೆ ನಾಯಕಿ ಮೊಲ ಆಗಬಾರದು. ಹಾರುಬೆಕ್ಕು ಆಗ್ಬೇಕು.

ಅಡಿಕೆಚೊಗರು:
ಹೋಯ್, ಇದು ಒಳ್ಳೆ ಮಾತು! ಹಾರುಬೆಕ್ಕು ಬೆಕ್ಕೂ ಅಲ್ಲ, ಹಾರೋದೂ ಇಲ್ಲ. ಅಳಿಲಿನ ಜಾತಿ, ಮುಂಗಾಲಿಗೂ ಹಿಂಗಾಲಿಗೂ ನಡುವೆ ಚರ್ಮ ಬಿಚ್ಚಿ ಮೇಲಿನಿಂದ ಕೆಳಗೆ ತೇಲೋದು. ಆಟಕ್ಕೆ ಬೇಕಾದ ನಿಯಮ ಅದರಲ್ಲೇ ಇದೆ: ಹತ್ತಿದಷ್ಟೇ ತೇಲೋದು. ಮೊದಲು ಮರ ಹತ್ತು, ಆಮೇಲೆ ದೂರ ಹೋಗು. ರಾತ್ರಿ ಪ್ರಾಣಿ, ಹಿನ್ನೆಲೆಗೆ ಕಪ್ಪು ನೀಲಿ ನಾಲ್ಕು ಬಣ್ಣ ಸಾಕು.

ಕವಲೇದುರ್ಗ_ಕೋಡ್:
ಒಂದು ಹಂತ ಅಡಿಕೆ ತೋಟ. ಮರ ಸಪೂರ, ಹತ್ತಿದಷ್ಟೂ ಬಾಗಬೇಕು. ಅಡಿಕೆ ಕೊನೆ ಕೊಯ್ಯೋ ಕೊನೆಗಾರ ಒಂದು ಮರದ ತುದೀಲಿ ಜೋತು, ತೂಗಿ ಪಕ್ಕದ ಮರ ಹಿಡಿದು, ಕೆಳಗಿಳಿಯದೇ ದಾಟ್ತಾನಲ್ಲ, ಆ ತೂಗೋದನ್ನೇ ಆಟದ ತಂತ್ರ ಮಾಡ್ಬೇಕು. ಬಾಗು ಹೆಚ್ಚಿದಷ್ಟೂ ಚಿಮ್ಮೋ ವೇಗ ಹೆಚ್ಚು, ತೀರಾ ಹೆಚ್ಚಿದ್ರೆ ಮರ ಲಟಕ್.

ಹುಲಿವೇಷ:
ಶತ್ರು ಮಂಗ. ಬಾಸ್, ಅಂದ್ರೆ ಕೊನೇ ದೊಡ್ಡ ಶತ್ರು, ಅಡಿಕೆಯ ಕೊಳೆ ರೋಗ.

ಬೇಲಿಗೂಟ:
ಕೊಳೆ ಬಾಸ್‌ಗೆ ಬೋರ್ಡೋ ದ್ರಾವಣ ಸಿಂಪಡಿಸ್ಬೇಕು. ಮಳೆ ಬಂದ್ರೆ ತೊಳೆದುಹೋಗುತ್ತೆ, ಮತ್ತೆ ಶುರು. ಇದಕ್ಕಿಂತ ಕಷ್ಟದ ಆಟ ಇರಲಿಕ್ಕಿಲ್ಲ.

ತುಂಗಾತೀರ:
ತಿದ್ದಿದ್ದೀನಿ, ಮೊದಲ ತುಂಡು ನೋಡಿ: "ಕಾಜೆಯ ಜಿಗಿತಕ್ಕಿಂತ ಇಳಿತ ಮುಖ್ಯ. ಕಿವಿ ಬಿಚ್ಚಿದ್ರೆ ದೂರ ಹೋಗ್ತಾಳೆ, ಆದರೆ ನಿಧಾನವಾಗ್ತಾಳೆ. ಆಟ ಆ ನಿಧಾನಕ್ಕೇ ಹೊಂಚು ಹಾಕಿ ಶತ್ರುಗಳನ್ನ ನಿಲ್ಲಿಸಿದೆ. ಹುಲಿ ಮುಖವಾಡ ಈ ಕೈಚಳಕವನ್ನ ಬೆಳೆಸುತ್ತೆ, ಹದ್ದು ಮರೆಸುತ್ತೆ. ಒರಿಜಿನಲ್ ಮಟ್ಟದಲ್ಲಿ, ವೈರ್ ಹಾಕಿದ ಗೇಮ್‌ಪ್ಯಾಡಲ್ಲಿ ಆಡಿದ್ದು." ಅಂಕ ತೆಗೆದುಹಾಕಿದ್ದೀನಿ.

ಅಡಿಕೆಚೊಗರು:
ಈಗ ಉಪ್ಪು ಹುಳಿ ಗೊತ್ತಾಯ್ತು. ಅಂಕ ಬೇಕಿದ್ರೆ ಇಡಿ, ಅದಕ್ಕೇನು ದಂಡ ಇಲ್ಲ.

ಪಿಕ್ಸೆಲ್_ಸಾಗರ:
"ಹೋಗ್ತಾಳೆ, ಆದರೆ ನಿಧಾನವಾಗ್ತಾಳೆ" ಒಂದು ಕಡೆ ಆಡುಮಾತು, ಒಂದು ಕಡೆ ಗ್ರಂಥ. ಯಾವುದಾದ್ರೂ ಒಂದು ಇಟ್ಕೊಳ್ಳಿ.

ಆಗುಂಬೆಮಳೆ:
ಓದಿ ಆಟ ಹಾಕ್ಕೊಂಡೆ. ಅಗ್ಗದ ಯುಎಸ್‌ಬಿ ಗೇಮ್‌ಪ್ಯಾಡು, ಬಾಣದ ಬಟನ್ ಒತ್ತಿದ್ರೆ ಮೊಲ ಕದಲಲ್ಲ. ಸ್ಟೀಮ್ (ಪಿಸಿ ಆಟ ಕೊಂಡು ಆಡೋ ಸಾಫ್ಟ್‌ವೇರ್) ಸೆಟ್ಟಿಂಗ್ಸಲ್ಲಿ ಕಂಟ್ರೋಲರ್ ಕಾಣ್ತಿದೆ.

ಕವಲೇದುರ್ಗ_ಕೋಡ್:
ನಡುವೆ ಮೋಡ್ ಅಥವಾ ಅನಲಾಗ್ ಅಂತ ಬಟನ್ ಇರ್ತದೆ, ಪಕ್ಕದಲ್ಲಿ ಕೆಂಪು ದೀಪ. ದೀಪ ಆರಿದ್ದಾಗ ಬಾಣದ ಬಟನ್ನುಗಳೇ ಸ್ಟಿಕ್ ಆಗಿ ವರ್ತಿಸ್ತವೆ. ಒಂದು ಸಲ ಒತ್ತಿ.

ಆಗುಂಬೆಮಳೆ:
ಒತ್ತಿದೆ, ದೀಪ ಹತ್ತಿತು. ಈಗ ಏನೂ ಒತ್ತದೇನೂ ಮೊಲ ಎಡಕ್ಕೆ ಓಡ್ತಾನೇ ಇದೆ.

ಕವಲೇದುರ್ಗ_ಕೋಡ್:
ಎಡ ಸ್ಟಿಕ್ ಸವೆದಿದೆ. ಸ್ಟೀಮಿನ ಕಂಟ್ರೋಲರ್ ಸೆಟ್ಟಿಂಗಲ್ಲಿ ಡೆಡ್‌ಜೋನ್ (ಸ್ಟಿಕ್ ಸ್ವಲ್ಪ ಕದಲಿದ್ರೂ ಲೆಕ್ಕಕ್ಕೆ ತಗೊಳ್ಳದ ಮಿತಿ) ಸ್ವಲ್ಪ ಸ್ವಲ್ಪವೇ ಏರಿಸಿ, ಮೊಲ ನಿಂತ ಕೂಡ್ಲೆ ಬಿಡಿ. ತೀರಾ ಏರಿಸಿದ್ರೆ ನಿಧಾನ ನಡೆಯೋಕೆ ಆಗಲ್ಲ.

ಆಗುಂಬೆಮಳೆ:
ನಿಂತಳು. ಕರೆಂಟೂ ಹೋಯ್ತು.